ಬಿರುಗಾಳಿಯಲ್ಲಿ ಪಾತರಗಿತ್ತಿ

ಅಲ್ಪ ಬಂಡವಾಳ, ಅಲ್ಪ ನಷ್ಟ, ಅಪಾರ ಲಾಭ: ಈ ಮೂರು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವನು ಎಲ್ಲ ಕಾಲದಲ್ಲಿಯೂ ತನ್ನ ಸುತ್ತ ಜನರನ್ನು ನೆರೆಯಿಸಿಕೊಂಡಿದ್ದಾನೆ. ಹಿಂದೆ ಅವನು ಹತ್ತಿಯ ಪೇಟೆಯ ಮೂಲೆಯಲ್ಲಿ ನಿಂತು ಪಿಸುಗುಟ್ಟುತ್ತಿದ್ದನು. ಇಂದು ತರುಣನ ಅಂಗೈಯೊಳಗಿನ ಮೊಬೈಲಿನಲ್ಲಿಯೇ ಬಂದು ಕುಳಿತಿದ್ದಾನೆ. ಅವನು ಈಗ ಉಪದೇಶಿಸುತ್ತಿರುವ ತಂತ್ರಗಳಲ್ಲಿ ಒಂದಕ್ಕೆ ‘ಬಟರ್‌ಫ್ಲೈ’, ಎಂದರೆ ಪಾತರಗಿತ್ತಿ, ಎಂಬ ಮುದ್ದಾದ ಹೆಸರಿದೆ. ಇದನ್ನು ಅತ್ಯಂತ ಚಂಚಲವಾದ ಷೇರುಗಳ ಮೇಲೆ ಪ್ರಯೋಗಿಸಿದರೆ ಹತ್ತು ಸಾವಿರವಿಟ್ಟು ನಲವತ್ತು ಸಾವಿರ ಗಳಿಸಬಹುದೆಂದೂ, ಕೈಬಿಟ್ಟರೆ ಹೋಗುವುದು ಆ ಹತ್ತು ಸಾವಿರ ಮಾತ್ರವೆಂದೂ ಪ್ರಚಾರವಾಗುತ್ತಿದೆ. ಈ ಮಾತು ಸುಳ್ಳಲ್ಲ. ಸುಳ್ಳಾಗಿದ್ದರೆ ಅದನ್ನು ಖಂಡಿಸುವುದು ಸುಲಭವಾಗಿತ್ತು. ಅದು ಅರ್ಧ ಸತ್ಯವಾದುದರಿಂದಲೇ ಅದನ್ನು ಇಂದು ಸವಿಸ್ತಾರವಾಗಿ ವಿಚಾರಿಸಬೇಕಾಗಿದೆ.

ವಿಷಯವು ಕೆಲವು ಜೂಜುಗಾರರದು ಮಾತ್ರವೆಂದು ವಾಚಕರು ಭಾವಿಸಬಾರದು. ಷೇರು ಪೇಟೆಯ ನಿಯಂತ್ರಕ ಮಂಡಳಿಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ವಾಯಿದೆ ಮತ್ತು ಆಪ್ಶನ್ ವ್ಯವಹಾರ ಮಾಡಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ಹಣ ಕಳೆದುಕೊಂಡರು. ತಲೆಗೆ ಸರಾಸರಿ ನಷ್ಟ ಸುಮಾರು ಎರಡು ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಇವರಲ್ಲಿ ಮುಕ್ಕಾಲು ಪಾಲು ಜನರ ವಾರ್ಷಿಕ ಆದಾಯವು ಐದು ಲಕ್ಷಕ್ಕಿಂತ ಕಡಿಮೆ. ಮೂವತ್ತು ವರ್ಷದೊಳಗಿನವರ ಪ್ರಮಾಣವು ಒಂದೇ ವರ್ಷದಲ್ಲಿ ಶೇಕಡಾ 31ರಿಂದ 43ಕ್ಕೆ ಏರಿತ್ತು. 2025ರ ಜುಲೈ ತಿಂಗಳಲ್ಲಿ ಬಂದ ಮತ್ತೊಂದು ಅಧ್ಯಯನವು, 2024–25ರಲ್ಲಿ ಶೇಕಡಾ 91 ಮಂದಿ ನಷ್ಟ ಹೊಂದಿದರೆಂದೂ ಅವರೆಲ್ಲರ ನಿವ್ವಳ ನಷ್ಟವು 1,05,603 ಕೋಟಿ ರೂಪಾಯಿಗಳೆಂದೂ ತಿಳಿಸಿತು. ಇದು ತಂದೆಯ ನಿವೃತ್ತಿಯ ಹಣ, ತಂಗಿಯ ಮದುವೆಗೆಂದು ಕೂಡಿಟ್ಟ ಗಂಟು, ಮೊದಲ ಸಂಬಳದಿಂದ ಮಿಗಿಸಿದ ಕಾಸು. ಇಂತಹ ಹಣವು ಎಲ್ಲಿ ಹೋಗುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ತಿಳಿಯುವ ಹಕ್ಕು ಸಾರ್ವಜನಿಕರಿಗೆ ಇದೆ.

ಆಪ್ಶನ್ ಎಂಬುದು ನಮ್ಮ ಪೇಟೆಗಳಿಗೆ ಹೊಸದೇನೂ ಅಲ್ಲ. ನಿಶ್ಚಿತವಾದ ಬೆಲೆಗೆ ನಿಶ್ಚಿತ ದಿನದಂದು ಮಾಲನ್ನು ಕೊಳ್ಳುವ ಹಕ್ಕಿಗೆ ‘ತೇಜಿ’ ಎಂದೂ, ಮಾರುವ ಹಕ್ಕಿಗೆ ‘ಮಂದಿ’ ಎಂದೂ ನಮ್ಮ ಹಿಂದಿನ ವರ್ತಕರು ಕರೆಯುತ್ತಿದ್ದರು. ಇಂದು ಇವೇ ‘ಕಾಲ್’ ಮತ್ತು ‘ಪುಟ್’ ಎಂಬ ಹೆಸರಿನಿಂದ ಬಂದಿವೆ. ಹಕ್ಕನ್ನು ಕೊಂಡವನು ಮುಂಗಡವಾಗಿ ಒಂದು ಪ್ರೀಮಿಯಂ ತೆರುತ್ತಾನೆ. ಬೆಲೆ ಅನುಕೂಲವಾದರೆ ಹಕ್ಕನ್ನು ಚಲಾಯಿಸುತ್ತಾನೆ, ಇಲ್ಲವಾದರೆ ಪ್ರೀಮಿಯಮ್ಮನ್ನು ಬಿಟ್ಟುಕೊಡುತ್ತಾನೆ. ಹಕ್ಕನ್ನು ಮಾರಿದವನಾದರೋ ಆ ಪ್ರೀಮಿಯಮ್ಮಿಗಾಗಿ ದೊಡ್ಡ ಹೊಣೆಯನ್ನು ಹೊತ್ತಿರುತ್ತಾನೆ. ಈ ವ್ಯಾಪಾರದ ಕೆಡುಕನ್ನು ದೇಶವು ಅನುಭವದಿಂದ ಬಲ್ಲುದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಗಗನಕ್ಕೇರಿ ಮುಂಬಯಿಯನ್ನು ಷೇರುಗಳ ಹುಚ್ಚು ಹಿಡಿದುದೂ, 1865ರಲ್ಲಿ ಯುದ್ಧವು ಮುಗಿದೊಡನೆ ಆ ಹುಚ್ಚು ಇಳಿದು ಮನೆತನಗಳೂ ಬ್ಯಾಂಕುಗಳೂ ಮುಳುಗಿದುದೂ ಇತಿಹಾಸದ ಮಾತು. ಸ್ವತಂತ್ರ ಭಾರತವು 1956ರ ಕಾಯಿದೆಯಿಂದ ಷೇರುಗಳ ಆಪ್ಶನ್‌ಗಳನ್ನು ನಿಷೇಧಿಸಿತು. 1995ರಲ್ಲಿ ಆ ನಿಷೇಧವು ಹೋಯಿತು. 2001ರ ಜುಲೈ ತಿಂಗಳಿನಿಂದ ಬಿಡಿ ಷೇರುಗಳ ಮೇಲಿನ ಆಪ್ಶನ್‌ಗಳು ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಬಹಿರಂಗವಾಗಿ ನಡೆಯತೊಡಗಿದವು. ಇದು ಇಂದು ಕಾಯಿದೆಬದ್ಧವಾದ ವ್ಯವಹಾರ. ಬೆಲೆಯ ಏರಿಳಿತದಿಂದ ತನ್ನ ಆಸ್ತಿಯನ್ನು ರಕ್ಷಿಸಿಕೊಳ್ಳಬೇಕಾದವನಿಗೆ ಇದು ಉಪಯುಕ್ತವೂ ಹೌದು. ಆದುದರಿಂದ ವಾಯಿದೆ ವ್ಯಾಪಾರವೆಲ್ಲ ಪಾಪವೆಂದು ಸಾರುವ ಉದ್ದೇಶ ನಮ್ಮದಲ್ಲ.

ಈಗ ಪಾತರಗಿತ್ತಿಯ ಮೈಯನ್ನು ಪರೀಕ್ಷಿಸೋಣ. ಒಂದು ಷೇರಿನ ಬೆಲೆ 1,000 ರೂಪಾಯಿ ಇದೆಯೆಂದೂ, ವಾಯಿದೆಗೆ ಒಂದು ತಿಂಗಳು ಉಳಿದಿದೆಯೆಂದೂ, ಒಂದು ಲಾಟಿನಲ್ಲಿ 500 ಷೇರುಗಳೆಂದೂ ಇಟ್ಟುಕೊಳ್ಳೋಣ. ಷೇರು ಬಲು ಚಂಚಲವಾದುದು. ಹೀಗಾಗಿ 900ರ ಕಾಲ್ 140 ರೂಪಾಯಿಗೂ, 1,000ದ ಕಾಲ್ 80 ರೂಪಾಯಿಗೂ, 1,100ರ ಕಾಲ್ 40 ರೂಪಾಯಿಗೂ ದೊರೆಯುತ್ತವೆ. ಪಾತರಗಿತ್ತಿಯನ್ನು ಕಟ್ಟುವವನು 900ರ ಕಾಲ್ ಒಂದನ್ನೂ 1,100ರ ಕಾಲ್ ಒಂದನ್ನೂ ಕೊಳ್ಳುತ್ತಾನೆ. ನಡುವಣ 1,000ದ ಕಾಲ್‌ಗಳನ್ನು ಎರಡು ಮಾರುತ್ತಾನೆ. ಎರಡು ಬದಿಯವು ರೆಕ್ಕೆಗಳು, ನಡುವಿನದು ಒಡಲು. ತೆತ್ತದ್ದು 180, ಪಡೆದದ್ದು 160. ಖರ್ಚು 20 ರೂಪಾಯಿ, ಲಾಟಿಗೆ ಹತ್ತು ಸಾವಿರ. ವಾಯಿದೆಯ ದಿನ ಬೆಲೆ ಸರಿಯಾಗಿ 1,000ದಲ್ಲಿಯೇ ನಿಂತರೆ 900ರ ಕಾಲ್‌ನಿಂದ 100 ರೂಪಾಯಿ ಬಂದು, ಖರ್ಚು ಕಳೆದು 80 ರೂಪಾಯಿ ಲಾಭ. ಲಾಟಿಗೆ ನಲವತ್ತು ಸಾವಿರ. ಬೆಲೆ 920ಕ್ಕಿಂತ ಕೆಳಗಿಳಿದರೂ 1,080ಕ್ಕಿಂತ ಮೇಲೇರಿದರೂ ನಷ್ಟ. 900ರ ಕೆಳಗೂ 1,100ರ ಮೇಲೂ ಹಾಕಿದ್ದೆಲ್ಲವೂ ಹೋಗುತ್ತದೆ, ಅದಕ್ಕಿಂತ ಹೆಚ್ಚು ಹೋಗುವುದಿಲ್ಲ.

ಇದರಲ್ಲಿ ಒಂದು ಗುಣವಿದೆಯೆಂಬುದನ್ನು ನ್ಯಾಯವಾಗಿ ಒಪ್ಪಲೇಬೇಕು. ರಕ್ಷಣೆಯಿಲ್ಲದೆ ಕಾಲ್ ಅಥವಾ ಪುಟ್‌ಗಳನ್ನು ಮಾರುವ ಸಾಹಸಿಯು ಒಂದೇ ದಿನದಲ್ಲಿ ಮನೆಮಠ ಕಳೆದುಕೊಳ್ಳಬಹುದು. ಪಾತರಗಿತ್ತಿಯವನು ಎರಡು ಬದಿಯ ರೆಕ್ಕೆಗಳನ್ನು ಕೊಂಡಿರುವುದರಿಂದ ಅವನ ನಷ್ಟಕ್ಕೆ ಒಂದು ಎಲ್ಲೆಯಿದೆ. ಎಲ್ಲೆಯನ್ನು ಮೊದಲೇ ತಿಳಿದು ಹೆಜ್ಜೆಯಿಡುವವನು ಕುರುಡನಾಗಿ ನುಗ್ಗುವವನಿಗಿಂತ ವಿವೇಕಿ. ಆದರೆ ನಷ್ಟಕ್ಕೆ ಎಲ್ಲೆಯಿದೆ ಎಂಬ ಮಾತಿಗೂ, ನಷ್ಟವು ಅಪರೂಪ ಎಂಬ ಮಾತಿಗೂ ಅಜಗಜಾಂತರವಿದೆ. ಪ್ರಚಾರಕರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನಂಬಿಸುತ್ತಿರುವುದೇ ನಮ್ಮ ಆಕ್ಷೇಪಣೆಗೆ ಕಾರಣ.

ಅದೇ ಮೂರು ಕರಾರು ಬೆಲೆಗಳ ಪಾತರಗಿತ್ತಿಯನ್ನು ಶಾಂತ ಸ್ವಭಾವದ ಮತ್ತೊಂದು ಷೇರಿನ ಮೇಲೆ ಕಟ್ಟಿ ನೋಡಿರಿ. ಅದರ ಬೆಲೆಯೂ 1,000ವೇ. ಆದರೆ ಏರಿಳಿತವು ಕಡಿಮೆಯಾದುದರಿಂದ ಕಾಲ್‌ಗಳು ಕ್ರಮವಾಗಿ 104, 32 ಮತ್ತು 4 ರೂಪಾಯಿಗಳಿಗೆ ಸಿಗುತ್ತವೆ. ಪಾತರಗಿತ್ತಿಯ ಖರ್ಚು 108ರಲ್ಲಿ 64 ಕಳೆದರೆ 44 ರೂಪಾಯಿ. ಶಾಂತವಾದ ಷೇರಿನ ಮೇಲೆ 44, ಚಂಚಲವಾದುದರ ಮೇಲೆ 20! ಇದನ್ನು ಕಂಡ ಅನನುಭವಿಯು ಚಂಚಲ ಷೇರಿನಲ್ಲಿ ಅರ್ಧ ಬೆಲೆಗೆ ಸರಕು ಸಿಕ್ಕಿತೆಂದು ಹಿಗ್ಗುತ್ತಾನೆ. ಅಗ್ಗವಾದುದೇಕೆ ಎಂದು ಅವನು ಕೇಳುವುದಿಲ್ಲ. ಪಾತರಗಿತ್ತಿಯನ್ನು ಕೊಳ್ಳುವವನು ನಿಶ್ಚಲತೆಯ ಮೇಲೆ ಪಣವೊಡ್ಡುತ್ತಾನೆ. ಬೆಲೆಯು ತಿಂಗಳುಗಟ್ಟಲೆ ಕುಣಿದು ಕೊನೆಗೆ ತಾನು ಗುರುತು ಹಾಕಿದ ಜಾಗದಲ್ಲಿಯೇ ಬಂದು ನಿಲ್ಲಬೇಕು ಎಂಬುದೇ ಅವನ ಹಾರೈಕೆ. ಕುಣಿಯುವ ಸ್ವಭಾವದ ಷೇರು ಅಲ್ಲಿಯೇ ನಿಲ್ಲುವ ಸಂಭವ ಕಡಿಮೆಯೆಂದು ಪೇಟೆಗೆ ಗೊತ್ತಿದೆ. ಆದುದರಿಂದಲೇ ಆ ಹಾರೈಕೆಯನ್ನು ಅಗ್ಗವಾಗಿ ಮಾರುತ್ತದೆ. ಮೇಲಿನ ಬೆಲೆಗಳಲ್ಲಿಯೇ ಅಡಗಿರುವ ಅಂದಾಜನ್ನು ಲೆಕ್ಕ ಹಾಕಿದರೆ, ಚಂಚಲ ಷೇರು ವಾಯಿದೆಯ ದಿನ 920 ಮತ್ತು 1,080ರ ನಡುವೆ ಇರುವ ಸಂಭವವು ನೂರಕ್ಕೆ ಸುಮಾರು 31. ಶಾಂತ ಷೇರಿನಲ್ಲಿ ಲಾಭದ ವಲಯವು 944ರಿಂದ 1,056ರ ವರೆಗೆ ಕಿರಿದಾಗಿದ್ದರೂ ಸಂಭವವು ನೂರಕ್ಕೆ 52ರ ಸುಮಾರು. ಇನ್ನು ಜಾಹೀರಾತಿನಲ್ಲಿ ಹೊಳೆಯುವ ನಲವತ್ತು ಸಾವಿರದ ಸಮೀಪಕ್ಕೆ ಹೋಗಬೇಕಾದರೆ, ಎಂದರೆ ಬೆಲೆಯು 990 ಮತ್ತು 1,010ರ ನಡುವೆ ನಿಲ್ಲಬೇಕಾದರೆ, ಚಂಚಲ ಷೇರಿನಲ್ಲಿ ಆ ಸಂಭವವು ನೂರಕ್ಕೆ ನಾಲ್ಕು. ಕನ್ನಡಿಯೊಳಗಿನ ಗಂಟು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಚಂಚಲತೆ ಎಂದರೇನೆಂಬುದನ್ನು ಅರಿಯಲು ಬಹುದೂರ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ದೇಶದ ಪ್ರತಿಷ್ಠಿತ ಉದ್ಯಮಗಳಲ್ಲಿ ಒಂದು. ಅದನ್ನು ಯಾರೂ ಹುಚ್ಚು ಷೇರೆಂದು ಕರೆಯುವುದಿಲ್ಲ. ಆದರೂ 2013ರ ಜನವರಿಯಲ್ಲಿ ಅದರ ತ್ರೈಮಾಸಿಕ ಫಲಿತಾಂಶವು ಹೊರಬಿದ್ದ ದಿನ ಷೇರು ಶೇಕಡಾ 16ಕ್ಕೂ ಮಿಕ್ಕು ಏರಿತು. ಅದೇ ವರ್ಷದ ಏಪ್ರಿಲ್ 12ರಂದು ಶೇಕಡಾ 20ಕ್ಕೂ ಮಿಕ್ಕು ಇಳಿಯಿತು. 2019ರ ಅಕ್ಟೋಬರ್ 22ರಂದು ದೂರೊಂದರ ಸುದ್ದಿ ಹಬ್ಬಿದೊಡನೆ ಶೇಕಡಾ 16ರಷ್ಟು ಕುಸಿಯಿತು. ಸಾಧುವಾದ ಷೇರಿನ ಗತಿಯೇ ಹೀಗಾದರೆ ಉಳಿದವುಗಳ ಮಾತೇನು? 2023ರ ಜನವರಿ 24ರಂದು ಅಮೆರಿಕದ ಹಿಂಡನ್‌ಬರ್ಗ್ ಸಂಸ್ಥೆಯು ಅದಾನಿ ಉದ್ಯಮ ಸಮೂಹದ ಮೇಲೆ ಆರೋಪಗಳ ವರದಿಯನ್ನು ಹೊರಡಿಸಿತು. ಸಮೂಹವು ಆರೋಪಗಳನ್ನು ನಿರಾಕರಿಸಿತು. ಅವುಗಳ ಸತ್ಯಾಸತ್ಯತೆಯು ಇಲ್ಲಿ ನಮ್ಮ ವಿಷಯವಲ್ಲ. ವರದಿಗೆ ಮುಂಚೆ 3,400 ರೂಪಾಯಿಗಳ ಆಸುಪಾಸಿನಲ್ಲಿದ್ದ ಅದಾನಿ ಎಂಟರ್‌ಪ್ರೈಸಸ್ ಷೇರು ಫೆಬ್ರವರಿ 3ರಂದು ದಿನದ ಮಧ್ಯದಲ್ಲಿ 1,017 ರೂಪಾಯಿಗಳನ್ನು ಮುಟ್ಟಿ ಬಂದಿತು. ಎರಡು ವಾರ ತುಂಬುವುದರೊಳಗೆ ಮೂರರಲ್ಲಿ ಎರಡು ಪಾಲು ಬೆಲೆ ಮಾಯವಾಗಿತ್ತು. 3,400ರ ಸುತ್ತ ಇನ್ನೂರು ರೂಪಾಯಿಗಳ ರೆಕ್ಕೆ ಬಿಚ್ಚಿ ಕುಳಿತ ಯಾವ ಪಾತರಗಿತ್ತಿಯು ಈ ಗಾಳಿಯಲ್ಲಿ ಉಳಿದೀತು? ಅದರ ಒಡೆಯನು ಹಾಕಿದ ಹಣವನ್ನಷ್ಟೇ ಕಳೆದುಕೊಂಡು ಪಾರಾಗುತ್ತಿದ್ದನೆಂಬುದು ನಿಜ. ಆದರೆ ಇಂತಹ ಪಾರಾಗುವಿಕೆಯು ತಿಂಗಳಿಗೊಮ್ಮೆ ಬಂದರೆ ವರ್ಷದ ಕೊನೆಗೆ ಉಳಿಯುವುದೇನು?

ಇದಕ್ಕೆ ತಿಳಿದವರೊಬ್ಬರು ಉತ್ತರ ಕೊಡಬಹುದು: ಫಲಿತಾಂಶ ಅಥವಾ ತೀರ್ಪಿನಂತಹ ಸಂದರ್ಭಕ್ಕೆ ಮುನ್ನ ಪೇಟೆಯು ಅತಿಯಾಗಿ ಅಂಜುತ್ತದೆ, ಆಗ ಪ್ರೀಮಿಯಂಗಳು ಉಬ್ಬಿರುತ್ತವೆ, ಸಂದರ್ಭವು ಸದ್ದಿಲ್ಲದೆ ಕಳೆದುಹೋದರೆ ಪ್ರೀಮಿಯಂಗಳು ಕುಗ್ಗಿ ಪಾತರಗಿತ್ತಿಯ ಬೆಲೆ ಏರುತ್ತದೆ, ಆದುದರಿಂದ ಚಂಚಲ ಷೇರಿನ ಮೇಲೆಯೇ ಇದನ್ನು ಕಟ್ಟುವುದು ಜಾಣತನ ಎಂದು. ಈ ವಾದದಲ್ಲಿ ಹುರುಳಿದೆ. ಆದರೆ ಇದಕ್ಕೆ ಪೇಟೆಯ ಭೀತಿಯು ಅತಿಯಾದುದೆಂಬ ಸ್ವತಂತ್ರವಾದ, ಆಧಾರವುಳ್ಳ ತಿಳಿವಳಿಕೆ ಬೇಕು. ಭೀತಿಯು ಯಥಾರ್ಥವಾಗಿದ್ದರೆ ಲಾಭಕ್ಕೆ ಎಡೆಯಿಲ್ಲ. ದಿನವೆಲ್ಲ ಇದನ್ನೇ ಕಸುಬಾಗಿಸಿಕೊಂಡು ಗಣಕಯಂತ್ರಗಳನ್ನು ಪಹರೆಗೆ ನಿಲ್ಲಿಸಿದ ದೊಡ್ಡ ಸಂಸ್ಥೆಗಳಿಗಿಂತ ತಾನು ಮಿಗಿಲಾಗಿ ಬಲ್ಲೆನೆಂದು ಊಟದ ವಿರಾಮದಲ್ಲಿ ಮೊಬೈಲು ತೆರೆಯುವ ಗುಮಾಸ್ತನು ಹೇಗೆ ಹೇಳಿಯಾನು? ಮತ್ತೆ ಕೆಲವರು ತಂತ್ರವನ್ನೇ ತಿರುಗಿಸಿ, ಪಾತರಗಿತ್ತಿಯನ್ನು ಮಾರಿರಿ, ಚಂಚಲತೆಯೇ ನಿಮಗೆ ಲಾಭವಾಗಲಿ ಎನ್ನುತ್ತಾರೆ. ಅಲ್ಲಿ 20 ರೂಪಾಯಿಯ ಲಾಭಕ್ಕೆ 80 ರೂಪಾಯಿಯ ನಷ್ಟವನ್ನು ಎದುರಿಸಬೇಕು. ಸಂಭವ ಹೆಚ್ಚಾದಂತೆ ಲಾಭವು ಕಿರಿದಾಗುತ್ತದೆ. ತಕ್ಕಡಿಯು ಮೊದಲೇ ತೂಗಿಟ್ಟದ್ದು.

ಇಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಚಿತ್ರದಲ್ಲಿ ಗುಡಾರದ ಶಿಖರದಂತೆ ತೋರುವ ಆ ಗರಿಷ್ಠ ಲಾಭವು ಕಟ್ಟಕಡೆಯ ಗಳಿಗೆಯಲ್ಲಿ ಮಾತ್ರ ಹುಟ್ಟುತ್ತದೆ. ನಮ್ಮ ಉದಾಹರಣೆಯ ಚಂಚಲ ಷೇರು ಮೂರು ವಾರಗಳ ಕಾಲ 1,000ದಲ್ಲಿಯೇ ಅಲುಗದೆ ನಿಂತಿತೆಂದು ಭಾವಿಸಿದರೂ, ವಾಯಿದೆಗೆ ಏಳು ದಿನವಿರುವಾಗ ಪಾತರಗಿತ್ತಿಯ ಬೆಲೆ ಸುಮಾರು 38 ರೂಪಾಯಿ; ನಾಲ್ಕು ದಿನವಿರುವಾಗ 47; ಒಂದು ದಿನವಿರುವಾಗ 71. ಉಳಿದುದು ಕೊನೆಯ ದಿನದ ಪಾಲು. ಸರಿಯಾಗಿ ಈ ಕೊನೆಯ ದಿನಗಳಲ್ಲಿಯೇ ಬೇರೊಂದು ಗಂಡಾಂತರವು ಕಾದಿರುತ್ತದೆ. 2018ರ ಜುಲೈ ತಿಂಗಳಿನಿಂದ ಹಂತ ಹಂತವಾಗಿ ಜಾರಿಗೆ ಬಂದು 2019ರ ಅಕ್ಟೋಬರಿನಲ್ಲಿ ಪೂರ್ಣಗೊಂಡ ನಿಯಮದಂತೆ, ನಮ್ಮ ದೇಶದಲ್ಲಿ ಬಿಡಿ ಷೇರುಗಳ ಆಪ್ಶನ್‌ಗಳು ಹಣದಲ್ಲಿ ಮುಗಿಯುವುದಿಲ್ಲ. ಷೇರುಗಳನ್ನೇ ಕೊಟ್ಟು ತೆಗೆದುಕೊಳ್ಳಬೇಕು. ಬೆಲೆಯು ನಮ್ಮವನು ಹಾರೈಸಿದಂತೆ ಸರಿಯಾಗಿ 1,000ದಲ್ಲಿ ನಿಂತಿತೆನ್ನಿ. ಅವನ 900ರ ಕಾಲ್ ತಾನಾಗಿಯೇ ಚಲಾವಣೆಗೊಂಡು, 500 ಷೇರುಗಳನ್ನು ಕೊಳ್ಳಲು ನಾಲ್ಕೂವರೆ ಲಕ್ಷ ರೂಪಾಯಿಗಳನ್ನು ಅವನು ತೆರಬೇಕು. ಬೆಲೆಯು 1,040ರಲ್ಲಿ ನಿಂತರೆ ಮತ್ತಷ್ಟು ವಿಪರೀತ: 900ರ ಕಾಲ್‌ನಿಂದ 500 ಷೇರು ಬರುತ್ತದೆ, ಮಾರಿದ ಎರಡು ಕಾಲ್‌ಗಳಿಗಾಗಿ 1,000 ಷೇರು ಕೊಡಬೇಕು, ಕೈಯಲ್ಲಿಲ್ಲದ 500 ಷೇರುಗಳನ್ನು ಎಲ್ಲಿಂದ ತಂದಾನು? ಕೊಡಲಾರದಿದ್ದರೆ ಷೇರನ್ನು ಅವನ ಲೆಕ್ಕದಲ್ಲಿ ಹರಾಜಿನಿಂದ ಕೊಂಡು ತುಂಬಲಾಗುವುದು. ಆ ಬೆಲೆಯ ಮೇಲೆ ಅವನ ಹಿಡಿತವಿಲ್ಲ. ಹತ್ತು ಸಾವಿರಕ್ಕೆ ಮಾತ್ರ ಹೊಣೆಯೆಂದು ನಂಬಿ ಬಂದವನಿಗೆ ಲಾಭದ ದಿನವೇ ಲಕ್ಷಗಳ ಹೊಣೆ ಬರುವುದು ಎಂತಹ ವಿಪರ್ಯಾಸ!

ಆದುದರಿಂದ ಅನುಭವಿಗಳು ವಾಯಿದೆಗೆ ಮುಂಚೆಯೇ ವ್ಯವಹಾರವನ್ನು ಮುಗಿಸಿಬಿಡುತ್ತಾರೆ. ಕೊನೆಯ ನಾಲ್ಕು ದಿನಗಳಲ್ಲಿ ಠೇವಣಿಯ ಹಣವನ್ನು ಮೇಲಿಂದ ಮೇಲೆ ಏರಿಸಲಾಗುತ್ತದೆ. ಅದನ್ನು ತುಂಬಲಾರದವನು ಬಂದ ಬೆಲೆಗೆ ಬಿಟ್ಟುಕೊಡಬೇಕಾಗುತ್ತದೆ. ಹಾಗೆ ಬಿಡುವಾಗ ಶಿಖರದ ಲಾಭವು ಅವನಿಗೆ ದಕ್ಕುವುದಿಲ್ಲ. ಬಿಡುವುದೂ ಪುಕ್ಕಟೆಯಲ್ಲ. ಕಟ್ಟುವಾಗ ನಾಲ್ಕು ಲಾಟು, ಬಿಚ್ಚುವಾಗ ನಾಲ್ಕು ಲಾಟು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರದಿಂದ ಪ್ರತಿ ಲಾಟಿನಲ್ಲಿ ಷೇರಿಗೆ ಒಂದೇ ರೂಪಾಯಿ ಸೋರಿತೆಂದರೂ ಎಂಟು ರೂಪಾಯಿ ಹೋಯಿತು; 20 ರೂಪಾಯಿಯ ಬಂಡವಾಳದಲ್ಲಿ ಇದು ಐದರಲ್ಲಿ ಎರಡು ಪಾಲು. ಚಂಚಲ ಷೇರುಗಳ ದೂರದ ಕರಾರು ಬೆಲೆಗಳಲ್ಲಿ ಗಿರಾಕಿಗಳು ವಿರಳ. ಅಲ್ಲಿ ಅಂತರವು ಒಂದು ರೂಪಾಯಿಗೆ ನಿಲ್ಲುವುದೂ ಇಲ್ಲ. ಇದರ ಮೇಲೆ ದಲ್ಲಾಳಿ, ಸರಕಾರದ ತೆರಿಗೆ, ಎಕ್ಸ್‌ಚೇಂಜಿನ ಶುಲ್ಕ. ಹೂವಿನಿಂದ ಹೂವಿಗೆ ಹಾರುವ ಪಾತರಗಿತ್ತಿಯು ಮಕರಂದವನ್ನು ಹೀರುವುದೆಂದು ಕೇಳಿದ್ದೇವೆ. ಇಲ್ಲಿ ಮಕರಂದವನ್ನು ಹೀರುವವರು ಬೇರೆ.

ಹೀರುವವರಾರೆಂಬುದನ್ನೂ ಸೆಬಿಯ ವರದಿಯೇ ತಿಳಿಸಿದೆ. 2023–24ರಲ್ಲಿ, ಖರ್ಚನ್ನು ಕಳೆಯುವ ಮುನ್ನ, ಸ್ವಂತ ಬಂಡವಾಳದಿಂದ ವ್ಯವಹರಿಸುವ ಸಂಸ್ಥೆಗಳು ಸುಮಾರು 33,000 ಕೋಟಿಯನ್ನೂ, ವಿದೇಶೀ ಹೂಡಿಕೆದಾರರು ಸುಮಾರು 28,000 ಕೋಟಿಯನ್ನೂ ಈ ಪೇಟೆಯಲ್ಲಿ ಗಳಿಸಿದರು. ಆ ಗಳಿಕೆಯ ಬಹುಪಾಲು ಯಂತ್ರಚಾಲಿತ ವ್ಯವಹಾರದಿಂದ ಬಂದುದು. ಒಂದು ಕಡೆ ಊರೂರಿನ ಉಳಿತಾಯ, ಮತ್ತೊಂದು ಕಡೆ ಕ್ಷಣವೊಂದನ್ನು ಸಾವಿರ ಪಾಲು ಮಾಡಿ ಎಣಿಸಬಲ್ಲ ಯಂತ್ರ. ನಷ್ಟ ಹೊಂದಿದ ಸಣ್ಣವರಲ್ಲಿ ಬಹುಮಂದಿ ಆ ಬಳಿಕವೂ ವ್ಯವಹಾರವನ್ನು ಬಿಡಲಿಲ್ಲವೆಂದು ಅದೇ ವರದಿಯು ಹೇಳುತ್ತದೆ. ಕಳೆದದ್ದನ್ನು ಕಳೆದ ಜಾಗದಲ್ಲಿಯೇ ಹುಡುಕುವುದು ಜೂಜಿನ ಹಳೆಯ ಲಕ್ಷಣ. ಅದಕ್ಕೆ ಹೊಸ ಹೆಸರು ಕೊಟ್ಟ ಮಾತ್ರಕ್ಕೆ ಅದು ವಿದ್ಯೆಯಾಗುವುದಿಲ್ಲ.

ನಿಯಂತ್ರಕರು ಸುಮ್ಮನೆ ಕುಳಿತಿಲ್ಲವೆಂಬುದನ್ನು ಸಂತೋಷದಿಂದ ಹೇಳುತ್ತೇವೆ. ಹತ್ತರಲ್ಲಿ ಒಂಬತ್ತು ಮಂದಿ ನಷ್ಟ ಹೊಂದುತ್ತಾರೆಂಬ ಎಚ್ಚರಿಕೆಯನ್ನು ದಲ್ಲಾಳಿಗಳು ತೋರಿಸಲೇಬೇಕೆಂದು 2023ರಲ್ಲಿ ಕಟ್ಟಳೆಯಾಯಿತು. 2024ರ ಅಕ್ಟೋಬರಿನ ಆಜ್ಞೆಯಿಂದ ಸೂಚ್ಯಂಕದ ಕರಾರುಗಳ ಗಾತ್ರವನ್ನು ಏರಿಸಿ, ವಾರವಾರದ ವಾಯಿದೆಗಳನ್ನು ಮಿತಗೊಳಿಸಲಾಯಿತು. ಪಾಠ ಹೇಳುವ ನೆಪದಲ್ಲಿ ಅಂದಂದಿನ ಬೆಲೆಗಳನ್ನು ಮುಂದಿಟ್ಟು ಸಲಹೆ ಮಾರುವವರಿಗೂ 2025ರ ಜನವರಿಯಲ್ಲಿ ಕಡಿವಾಣ ಬಿತ್ತು. ಆದರೆ ಒಂದು ಕೆಲಸ ಇನ್ನೂ ಆಗಬೇಕಾಗಿದೆ. ತಂತ್ರಗಳನ್ನು ಸಿದ್ಧಪಡಿಸಿ ಒಂದೇ ಗುಂಡಿಯಲ್ಲಿ ಮಾರುವ ದಲ್ಲಾಳಿಯು ಗರಿಷ್ಠ ಲಾಭವನ್ನು ದಪ್ಪಕ್ಷರಗಳಲ್ಲಿ ತೋರಿಸುವಾಗ, ಅದರ ಪಕ್ಕದಲ್ಲಿಯೇ, ಅದೇ ಗಾತ್ರದಲ್ಲಿ, ಆ ಲಾಭ ದೊರೆಯುವ ಸಂಭವವನ್ನೂ, ವಾಯಿದೆಯ ದಿನ ತೆರಬೇಕಾಗಬಹುದಾದ ಪೂರ್ಣ ಹಣವನ್ನೂ, ಹೋಗಿ ಬರುವ ಒಟ್ಟು ಖರ್ಚನ್ನೂ ತೋರಿಸುವಂತೆ ಕಟ್ಟಳೆಯಾಗಬೇಕು. ಅದು ಗಿರಾಕಿಯು ಓದಬಲ್ಲ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಆಮಿಷವೊಡ್ಡಿ ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಡುವುದು ಎಚ್ಚರಿಕೆಯೇ ಅಲ್ಲ.

ಕಟ್ಟಳೆಗಳು ಎಷ್ಟೇ ಬಂದರೂ ಕೊನೆಯ ಕಾವಲು ಮನೆಯ ಯಜಮಾನನ ವಿವೇಕವೇ. ಈ ತಂತ್ರವನ್ನು ಹಿಡಿಯಲು ಹೊರಟ ತರುಣನು ತನ್ನನ್ನು ತಾನೇ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಈ ಷೇರು ಇಂಥ ದಿನ ಇಂಥ ಬೆಲೆಯಲ್ಲಿಯೇ ನಿಲ್ಲುವುದೆಂದು ಪೇಟೆಗಿಂತ ನಾನು ಹೆಚ್ಚಾಗಿ ಬಲ್ಲೆನೇ? ಹಾಕುವ ಹಣ ಪೂರ್ತಿ ಹೋದರೂ, ಹೀಗೆ ಹತ್ತು ಸಲ ಹೋದರೂ, ನನ್ನ ಮನೆಯ ಒಲೆ ಉರಿಯುವುದೇ? ವಾಯಿದೆಗೆ ಮುಂಚೆ ಹೊರಬೀಳುವ ದಿನವನ್ನು ನಾನು ಇಂದೇ ಬರೆದಿಟ್ಟಿದ್ದೇನೆಯೇ? ಮೂರಕ್ಕೂ ಹೌದೆನ್ನಬಲ್ಲವನು ತನ್ನ ದಾರಿ ಹಿಡಿಯಲಿ. ಅವನು ನಮ್ಮ ಉಪದೇಶದ ಅಗತ್ಯವಿಲ್ಲದವನು. ಒಂದಕ್ಕಾದರೂ ತಡವರಿಸುವವನು ಆ ಹತ್ತು ಸಾವಿರವನ್ನು ಅಂಚೆ ಕಚೇರಿಯಲ್ಲಿಯೋ, ತಾನು ಬಲ್ಲ ಉದ್ಯಮದ ಷೇರಿನಲ್ಲಿಯೋ, ತನ್ನದೇ ಕಸುಬಿನ ಉಪಕರಣದಲ್ಲಿಯೋ ಇಡಲಿ. ಅದು ಒಂದು ತಿಂಗಳಲ್ಲಿ ನಲವತ್ತು ಸಾವಿರವಾಗಲಾರದು, ನಿಜ. ಆದರೆ ತಿಂಗಳ ಕೊನೆಗೆ ಅದು ಅಲ್ಲಿಯೇ ಇರುತ್ತದೆ. ದುಡಿದು ತಿನ್ನುವ ಮನೆಗೆ ಮೊದಲು ಬೇಕಾದುದು ಈ ಭರವಸೆಯೇ ಎಂಬುದನ್ನು ನಮ್ಮ ತರುಣರಿಗೆ ಅವರ ಹಿರಿಯರಾದರೂ ಇಂದು ತಿಳಿಯಹೇಳಬೇಕು.